ಹೂಂ ಟೇಲರ್ ತಲೆ ಖಾಲಿ ಮಾಡಿದ ದಿನ

ಎಲ್ಲದಕ್ಕೂ ಕಾರಣ ಬಾಯಲ್ಲಿದ್ದ ಗುಂಡುಸೂಜಿಗಳು.

ಬಟ್ಟೆ ಹಿಡಿದು ಕೂತಾಗ ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡಿರುವುದು ಟೇಲರನ ಅಭ್ಯಾಸ. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ಅವನ ಬಾಯಿಂದ ಹೊರಡಬಹುದಾದ ಮಾತು ಒಂದೇ: ಹೂಂ. ಪ್ಯಾಂಟು ಬುಧವಾರ ಸಿಗುತ್ತಾ? ಹೂಂ. ಹೋದ ಬುಧವಾರವೂ ಹೀಗೇ ಅಂದಿದ್ರಲ್ಲ? ಹೂಂ. ಮರ್ಯಾದೆ ಇದೆಯಾ ನಿಮಗೆ? ಹೂಂ. ಆ ಸಾಲಿನ ಅಂಗಡಿಯವರೆಲ್ಲ ಅವನನ್ನು ಬೆನ್ನ ಹಿಂದೆ ಹೂಂ ಟೇಲರ್ ಎನ್ನುತ್ತಿದ್ದರು. ಎದುರಿಗೇ ಕರೆದಿದ್ದರೂ ಹೂಂ ಎಂದೇ ಓಗೊಡುತ್ತಿದ್ದನೇನೋ.

ಅವತ್ತು ಬೆಳಿಗ್ಗೆ ಹೆಂಡತಿಯ ಫೋನು ಬಂದಾಗ ಅವನು ಬ್ಯಾಂಡಿನ ತುತ್ತೂರಿಯವನ ಕೋಟಿಗೆ ತೋಳು ಕೂಡಿಸುತ್ತಿದ್ದ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಕೆಲಸ ಮುಂದುವರಿಸಿದ. ಮಗಳ ಬಾಣಂತನಕ್ಕೆಂದು ಹೋದವಳು ಆಕೆ. ಮಗು ಮಗುಚಿಕೊಂಡ ಕೂಡಲೇ ಬರುತ್ತೇನೆ ಎಂದಿದ್ದಳು. ಮಗು ಮಗುಚಿಕೊಂಡಿತು, ಕೂತಿತು, ಅದಕ್ಕೆ ಹಲ್ಲೂ ಬಂತು. ಆಕೆ ಮಾತ್ರ ಬರಲಿಲ್ಲ. ಈಗ ಇದ್ದಕ್ಕಿದ್ದಂತೆ ಇವತ್ತು ಸಂಜೆ ಐದರ ಬಸ್ಸಿಗೆ ಬರುತ್ತಿದ್ದೇನೆ ಎಂದಳು.

ಅಷ್ಟು ಕೇಳಿದ್ದೇ ತಡ, ಟೇಲರನ ತಲೆ ಕಟ್ಟು ಬಿಚ್ಚಿದ ಕರುವಿನ ಹಾಗೆ ಓಡಿಬಿಟ್ಟಿತು. ಮನೆ ಗುಡಿಸಿ ಎಷ್ಟು ದಿನವಾಯಿತು? ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ. ಕೋಟು ಇವತ್ತೇ ಕೊಡಬೇಕು. ಐದರ ಬಸ್ಸು ಐದಕ್ಕೇ ಬರುತ್ತದೋ, ಮೊದಲೇ ಬಂದುಬಿಡುತ್ತದೋ? ಅತ್ತ ಫೋನಿನಲ್ಲಿ ಆಕೆ ಏನೋ ಹೇಳುತ್ತಿದ್ದಳು, ಏನೋ ಕೇಳಿದಳು. ಇವನು ಹೂಂ ಎಂದ. ಆಕೆ ಮತ್ತೆ ಕೇಳಿದಳು. ಇವನು ಮತ್ತೆ ಹೂಂ ಎಂದ.

"ಈಗ ನಾನೇನು ಕೇಳಿದೆ, ಹೇಳಿ ನೋಡೋಣ" ಎಂದಳು ಆಕೆ.

ಟೇಲರ್ ಗುಂಡುಸೂಜಿಗಳನ್ನು ಬಾಯಿಂದ ತೆಗೆದ. "ಕೇಳಿಸ್ಕೊಂಡೆ ಮಾರಾಯ್ತಿ. ಹೂಂ ಅಂದಿದೀನಲ್ಲ. ಅಂದ ಮೇಲೆ ಹೂಂ."

"ಯೋಚನೆ ಮಾಡಿ ಹೇಳ್ತಿದೀರಾ?"

"ಯೋಚನೆ ಮಾಡದೆ ಹೂಂ ಅಂತೀನಾ?"

ಆಕೆಯ ದನಿ ಇಳಿಯಿತು. "ಸರಿ. ನಂದು ಇನ್ನೊಂದೇ ಮಾತು. ಬಂದ ಮೇಲೆ ಒಂದು ಗಂಟೆ ನನ್ನೆದುರು ಕೂತ್ಕೊಳ್ಳಿ. ನೀವು ಪಕ್ಕದಲ್ಲೇ ಇದ್ರೂ ಇನ್ನೆಲ್ಲೋ ಇರ್ತೀರಿ. ಒಂದು ಗಂಟೆ ಪೂರ್ತಿಯಾಗಿ ಇಲ್ಲೇ ಇರಿ, ಸಾಕು."

ಫೋನು ಇಟ್ಟ ಮೇಲೆ ನೋಡಿದರೆ ಕೋಟಿನ ತೋಳಿನ ಬಾಯಿ ಪೂರ್ತಿ ಹೊಲಿದುಹೋಗಿತ್ತು. ತುತ್ತೂರಿಯವನು ಅದರಲ್ಲಿ ಕೈ ಹಾಕಿದರೆ ಬೆರಳು ಹೊರಗೆ ಬರಲು ದಾರಿಯೇ ಇರಲಿಲ್ಲ. ಟೇಲರನಿಗೆ ನಿಜವಾಗಿಯೂ ಸಂಕಟವಾಯಿತು. ಹೆಂಡತಿ ಕೇಳಿದ್ದು ಸೀರೆಯಲ್ಲ, ಒಡವೆಯಲ್ಲ, ಒಂದು ಗಂಟೆ. ಈ ಸಂತೆಯಂಥ ತಲೆ ಇಟ್ಟುಕೊಂಡು ಅದನ್ನು ಕೊಡುವುದು ಹೇಗೆ?

ಪಕ್ಕದ ಕಟಿಂಗ್ ಶಾಪಿನವನು ಆಗಲೇ ಬಾಗಿಲಲ್ಲಿ ನಿಂತಿದ್ದ. ಯಾರ ಫೋನು ಬಂದರೂ ಅವನಿಗೆ ಕತ್ತರಿ ಕೆಳಗಿಟ್ಟು ಬರುವಷ್ಟು ಕಾಳಜಿ. ವಿಷಯ ಕೇಳಿ, ಇದು ತನ್ನ ಕಸುಬಿಗೇ ಸೇರಿದ್ದು ಎಂದ. ಇಷ್ಟು ವರ್ಷ ತಲೆಗಳ ಹೊರಭಾಗವನ್ನು ಹಸನು ಮಾಡಿದವನಿಗೆ ಒಳಭಾಗ ಗೊತ್ತಾಗುವುದಿಲ್ಲವೇ?

"ನಿಮ್ಮ ತಲೇನೂ ಒಂದು ಅಂಗಡಿ ಅಂತ ತಿಳ್ಕೊಳ್ಳಿ" ಎಂದ. "ಎದ್ದು ಹೋಗೋವಾಗ ಅಂಗಡಿ ನೋಡ್ಕೊಳ್ಳಿ ಅಂತ ನಮಗೆ ಹೇಳಲ್ವಾ? ಹಾಗೇ ಒಂದೊಂದು ಯೋಚನೆನೂ ಒಬ್ಬೊಬ್ರಿಗೆ ಒಪ್ಪಿಸಿಬಿಡಿ. ಆಮೇಲೆ ತಲೇಲಿ ಏನೂ ಉಳಿಯಲ್ಲ, ಕೈಯಲ್ಲಿರೋ ಕೆಲಸ ಒಂದೇ. ಅತ್ತ ಇತ್ತ ನೋಡಬಾರದು."

ಆ ಸಾಲಿನಲ್ಲಿ ಅದೊಂದು ಪದ್ಧತಿ. ಯಾರಾದರೂ ಹೊರಗೆ ಹೋಗಬೇಕಾದರೆ ಪಕ್ಕದವರಿಗೆ "ಸ್ವಲ್ಪ ನೋಡ್ಕೊಳ್ಳಿ" ಎನ್ನುವರು. ಪಕ್ಕದವರು "ನಂಗೆ ಬಿಡಿ" ಎನ್ನುವರು. ಅಷ್ಟಾದ ಮೇಲೆ ಅಂಗಡಿ ಅವರದೇ. ವ್ಯಾಪಾರವನ್ನೂ ಅವರೇ ಮಾಡುವರು, ಮಾಲೀಕನನ್ನು ಕೂಗಿ ಕರೆಯುವುದು ಅವಮಾನ. ಕಟಿಂಗ್ ಶಾಪಿನವನು ಹೀಗೇ ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕಿದ್ದ. ಸೈಕಲ್ ಶಾಪಿನವನು ಒಬ್ಬನ ಗಡ್ಡ ಬೋಳಿಸಿದ್ದ. ಆ ಗಡ್ಡದವನು ಮತ್ತೆ ಈ ಬೀದಿಗೆ ಬರಲಿಲ್ಲ ಅನ್ನುವುದು ಬೇರೆ ಮಾತು.

ಟೇಲರ್ ಎದ್ದ. ಮನೆಯ ಬೀಗದ ಕೈಯನ್ನೂ ನಲ್ಲಿಯ ಚಿಂತೆಯನ್ನೂ ಸೈಕಲ್ ಶಾಪಿನವನಿಗೆ ಕೊಟ್ಟ. ನಂಗೆ ಬಿಡಿ ಎಂದು ಅವನು ಸ್ಪ್ಯಾನರುಗಳ ಚೀಲ ಹೆಗಲಿಗೇರಿಸಿ ಹೊರಟ. ಕೋಟಿನ ಅಳತೆಗಳು ಉಳಿದಿದ್ದವು. ಟೇಲರ್ ಅಳತೆಗಳನ್ನು ಎಲ್ಲೂ ಬರೆದಿಡುವವನಲ್ಲ. ಬೀದಿಯವರ ಸೊಂಟ, ಎದೆ, ತೋಳುಗಳೆಲ್ಲ ಅವನ ತಲೆಯಲ್ಲೇ ನೂಕುನುಗ್ಗಲಾಗಿ ನಿಂತಿದ್ದವು. ಅವನ್ನೆಲ್ಲ ಔಷಧಿ ಅಂಗಡಿಯಾಕೆಗೆ ಒಪ್ಪಿಸಿದ. ಎಷ್ಟೋ ಮಾತ್ರೆಗಳ ಹೆಸರು ನೆನಪಿಟ್ಟುಕೊಳ್ಳುವ ಹೆಂಗಸು, ಸೊಂಟಗಳು ಯಾವ ಲೆಕ್ಕ ಎಂದಳು. ಕೊನೆಗೆ ಉಳಿದದ್ದು ಐದರ ಬಸ್ಸು. ಗಡಿಯಾರ ನೋಡಿ ನೋಡಿ ಕತ್ತು ನೋಯುವುದಕ್ಕಿಂತ ಅದನ್ನು ಕಟಿಂಗ್ ಶಾಪಿನವನಿಗೇ ಕೊಡುವುದು ಮೇಲೆಂದು ತೋರಿತು.

"ಬಸ್ಸು ನಂಗೆ ಬಿಡಿ" ಎಂದ ಅವನು.

ಟೇಲರ್ ಬಂದು ಯಂತ್ರದ ಮುಂದೆ ಕೂತ. ತಲೆ ಖಾಲಿಯಾದರೆ ಅಲ್ಲಿ ಏನೂ ಉಳಿಯುವುದಿಲ್ಲ ಎಂದು ಕಟಿಂಗ್ ಶಾಪಿನವನು ಹೇಳಿದ್ದು ಸುಳ್ಳು. ನಲ್ಲಿ, ಸೊಂಟ, ಬಸ್ಸು ಎಲ್ಲ ಎದ್ದು ಹೋದ ಮೇಲೆ ಅಡಿಯಲ್ಲಿ ಆಕೆ ಇದ್ದಳು. ಇಷ್ಟು ದಿನವೂ ಇದ್ದಳು. ಮೇಲೆ ಸಾಮಾನು ಪೇರಿಸಿಟ್ಟಿದ್ದರಿಂದ ಕಂಡಿರಲಿಲ್ಲ ಅಷ್ಟೆ. ಹಾಸಿಗೆಯಲ್ಲಿ ಆಕೆಯ ಮಗ್ಗುಲು ಬರಿದಾಗಿ ಕಾಣಬಾರದೆಂದು ಅವನು ಅಲ್ಲಿ ಕತ್ತರಿಸಿದ ಬಟ್ಟೆಗಳನ್ನು ಒಟ್ಟಿದ್ದ. ಮನೆಯಲ್ಲಿ ಸದ್ದಿರಲಿ ಎಂದು ರೇಡಿಯೋ ಆರಿಸುತ್ತಲೇ ಇರಲಿಲ್ಲ. ಕಣ್ಣು ಮಂಜಾಗುತ್ತಿದ್ದ ಅವನಿಗಾಗಿ ಆಕೆ ಹೊರಡುವ ಮುನ್ನ ಒಂದು ರಾಶಿ ಸೂಜಿಗಳಿಗೆ ದಾರ ಪೋಣಿಸಿ, ಸೂಜಿಮೆತ್ತೆಗೆ ಚುಚ್ಚಿಟ್ಟು ಹೋಗಿದ್ದಳು. ಒಂದೊಂದಾಗಿ ಎಲ್ಲ ಮುಗಿದು ಕೊನೆಯದೊಂದು ಉಳಿದಾಗ ಅದನ್ನು ಬಳಸಲು ಅವನಿಗೆ ಮನಸ್ಸಾಗಿರಲಿಲ್ಲ. ಅದನ್ನು ಅಂಗಿಯ ಕಾಲರಿನ ಒಳಗೆ ಚುಚ್ಚಿಕೊಂಡು, ದಾರ ಪೋಣಿಸಿಕೊಡಿ ಎಂದು ಬೀದಿಯವರನ್ನೆಲ್ಲ ಕಾಡುತ್ತಿದ್ದ. ಈಗ ಅದನ್ನು ಮುಟ್ಟಿ ನೋಡಿಕೊಂಡ. ಆಕೆ ಬೇಕು ಅನ್ನಿಸಿತು. ಊಟಕ್ಕಲ್ಲ, ದಾರಕ್ಕಲ್ಲ, ಸುಮ್ಮನೆ ಬೇಕು ಅನ್ನಿಸಿತು. ಹೀಗೆಂದು ಆಕೆಗೆ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಇವತ್ತು ಆ ಒಂದು ಗಂಟೆಯಲ್ಲಿ ಹೇಳಬೇಕು ಎಂದುಕೊಂಡ.

ಆಮೇಲೆ ಕಟಿಂಗ್ ಶಾಪಿನವನ ಮಾತಿನಂತೆ ಅತ್ತಿತ್ತ ನೋಡದೆ ಕೋಟಿಗೆ ಕೂತ. ಹೊಲಿಗೆ ಬಿಚ್ಚಿದ, ತೋಳು ಕೂಡಿಸಿದ, ಗುಂಡಿಯ ಕಾಜಗಳನ್ನು ಕೈಯಲ್ಲೇ ಹೊಲಿದ. ಇಂಥ ಕಾಜಗಳನ್ನು ಅವನು ಹರೆಯದಲ್ಲಿ ಹೊಲಿದಿದ್ದ.

ನಡುವೆ ತುತ್ತೂರಿಯವನು ಒಮ್ಮೆ ನುಗ್ಗಿ ಬಂದ. ಔಷಧಿ ಅಂಗಡಿಯಾಕೆ ತನ್ನ ಪಾಲಿಗೆ ಬಂದ ಸೊಂಟಗಳನ್ನು ಸುಮ್ಮನೆ ಇಟ್ಟುಕೊಂಡಿರಲಿಲ್ಲ. ಪದ್ಧತಿಯ ಪ್ರಕಾರ ವ್ಯಾಪಾರವನ್ನೂ ಶುರುಮಾಡಿದ್ದಳು. ಅಂಗಡಿ ಮುಂದೆ ಹಾದುಹೋಗುವವರನ್ನು ನಿಲ್ಲಿಸಿ, ಹೋದ ಸಲಕ್ಕಿಂತ ನಿಮ್ಮ ಹೊಟ್ಟೆ ಮೂರು ಇಂಚು ಮುಂದೆ ಬಂದಿದೆಯಂತೆ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಬೀದಿಗೆಲ್ಲ ಕೇಳುವಂತೆ ಸಲಹೆ ಕೊಡುತ್ತಿದ್ದಳು. ತುತ್ತೂರಿಯವನು ಬ್ಯಾಂಡಿನವರೆದುರು ಮಾನ ಹೋಯಿತೆಂದು ಕೂಗಾಡಿದ. ಇನ್ನು ನಿಮ್ಮ ಹತ್ತಿರ ಅಂಗಿ ಹೊಲಿಸಿದರೆ ಕೇಳಿ ಎಂದ.

"ಹೂಂ" ಎಂದ ಟೇಲರ್, ಗುಂಡುಸೂಜಿಗಳ ನಡುವಿನಿಂದ. ತಲೆ ಎತ್ತಲಿಲ್ಲ.

ಕೊನೆಯ ಗುಂಡಿ ಹೊಲಿದು ತಲೆ ಎತ್ತಿದಾಗ ಬಾಗಿಲ ಬಿಸಿಲು ಹೊರಟುಹೋಗಿತ್ತು. ಏನೋ ಮರೆತಂತಿತ್ತು. ಏನೆಂದು ನೆನಪಾಗಲು ಸ್ವಲ್ಪ ಹೊತ್ತೇ ಬೇಕಾಯಿತು. ನೆನಪಾದದ್ದೇ ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಬಸ್‌ಸ್ಟ್ಯಾಂಡಿಗೆ ಓಡಿದ. ಅಲ್ಲಿ ನೆಲ ಗುಡಿಸುವವಳು ಬಿಟ್ಟರೆ ಯಾರೂ ಇರಲಿಲ್ಲ. ಅಲ್ಲಿಂದ ಏದುಸಿರು ಬಿಡುತ್ತ ಮನೆಗೆ ಓಡಿದ.

ಮನೆಯ ಮೆಟ್ಟಿಲಿನಿಂದ ನೀರು ಇಳಿದು ಬರುತ್ತಿತ್ತು. ಅಡುಗೆಮನೆಯಲ್ಲಿ ಸೈಕಲ್ ಶಾಪಿನವನು ತೊಟ್ಟಿಕ್ಕುವ ನಲ್ಲಿಯನ್ನು ಪೂರ್ತಿ ಬಿಚ್ಚಿ, ಕಾರಂಜಿಯಂತೆ ಚಿಮ್ಮುತ್ತಿದ್ದ ಕೊಳವೆಯ ಬಾಯಿಗೆ ಸೈಕಲ್ ಟ್ಯೂಬು ಬಿಗಿಯುತ್ತಿದ್ದ. ಔಷಧಿ ಅಂಗಡಿಯಾಕೆ ನೀರು ಬಳಿಯುತ್ತಿದ್ದಳು. ಕಟಿಂಗ್ ಶಾಪಿನವನು ಕುರ್ಚಿಯಲ್ಲಿ ಕಾಲು ಮೇಲೆ ಮಾಡಿಕೊಂಡು ಕೂತಿದ್ದ. ಅವನ ಎದುರು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿ ಕೂತಿದ್ದಳು. ಮೈ ಸ್ವಲ್ಪ ಇಳಿದಿತ್ತು, ಕೂದಲು ಇನ್ನಷ್ಟು ಬೆಳ್ಳಗಾಗಿತ್ತು.

ಬಸ್ಸು ನಂಗೆ ಬಿಡಿ ಎಂದವನು ಮಾತಿಗೆ ತಪ್ಪಿರಲಿಲ್ಲ. ಅರ್ಧ ಬೋಳಿಸಿದ ಗಡ್ಡವೊಂದನ್ನು ಕುರ್ಚಿಯಲ್ಲೇ ಬಿಟ್ಟು, ತಾನೇ ಹೋಗಿ ಆಕೆಯನ್ನು ಇಳಿಸಿಕೊಂಡು, ಚೀಲ ಹೊತ್ತು ಕರೆತಂದಿದ್ದ. ಈಗ ಅವನು ತಮ್ಮೆಲ್ಲರ ಶ್ರಮದಿಂದ ಟೇಲರನ ತಲೆ ಹೇಗೆ ಖಾಲಿಯಾಯಿತೆಂದು ವಿವರಿಸುತ್ತಿದ್ದ. ಖಾಲಿ ಮಾಡಲು ಅಷ್ಟೇನೂ ಕಷ್ಟವಾಗಿರಲಾರದು ಎಂದಳು ಆಕೆ.

ನಲ್ಲಿಯ ನೀರು ನಿಂತದ್ದೇ ಅವರನ್ನೆಲ್ಲ ಕಳಿಸಿ ಬಾಗಿಲು ಹಾಕಿಕೊಂಡು, ಟೇಲರ್ ಹೆಂಡತಿಯ ಎದುರು ಕೂತ. "ಬಸ್‌ಸ್ಟ್ಯಾಂಡಿಗೆ ನಾನೇ ಬರಬೇಕಿತ್ತು" ಎಂದ.

"ನಿಮ್ಮ ಅಂಗಡಿ ಮುಂದೆನೇ ಬಂದ್ವಿ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಕಾಜ ಹೊಲೀತಿದ್ರಿ. ಕರೆಯೋಕೆ ಮನಸ್ಸಾಗಲಿಲ್ಲ."

ಅವನು ಕುರ್ಚಿಯನ್ನು ಆಕೆಯ ಹತ್ತಿರಕ್ಕೆ ಎಳೆದುಕೊಂಡ. "ಈಗ ಇಲ್ಲೇ ಇದೀನಿ. ಹೇಳು. ಎಲ್ಲಾ ಹೇಳು."

ಆಕೆ ಹೇಳಿದಳು. ಮಗುವಿಗೆ ಫ್ಯಾನು ಕಂಡರೆ ನಗು, ಅಜ್ಜಿಯ ಬಳೆ ಕಚ್ಚುವ ಚಟ, ಮಲಗಿಸಿದರೆ ಎಚ್ಚರ, ಎತ್ತಿಕೊಂಡರೆ ನಿದ್ದೆ. ಟೇಲರ್ ಕೇಳಿದ. ನಿಜವಾಗಿಯೂ ಕೇಳಿದ. ಯಾವ ಬಳೆ ಎಂದು ಕೇಳಿದ, ಮೇಲಿನ ಹಲ್ಲೋ ಕೆಳಗಿನದೋ ಎಂದು ಕೇಳಿದ. ಆಕೆ ಮಾತು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. ಮದುವೆಯಾದ ಹೊಸತರಲ್ಲಿ ಹಾಗೆ ನೋಡುತ್ತಿದ್ದಳು. ತಲೆ ಖಾಲಿ ಮಾಡಿದ್ದು ಸಾರ್ಥಕವಾಯಿತು ಅನ್ನಿಸಿತು ಅವನಿಗೆ. ಹೇಳಬೇಕೆಂದಿದ್ದ ಮಾತು ತುಟಿಯವರೆಗೂ ಬಂತು.

ಅಷ್ಟರಲ್ಲಿ ಆಕೆ ಎದ್ದು ಬೀರು ತೆಗೆದಳು. "ಸ್ವೆಟರುಗಳನ್ನ ಈಗಲೇ ತುಂಬಿಕೊಂಡುಬಿಡ್ತೀನಿ. ಬೆಳಿಗ್ಗೆ ಬಸ್ಸಿಗೆ ಅವಸರ ಆಗುತ್ತೆ."

"ಯಾವ ಬಸ್ಸು?"

"ಬೆಳಿಗ್ಗೆ ಫೋನಲ್ಲಿ ಕೇಳಿದ್ನಲ್ಲ. ಮಗಳು ಕೆಲಸಕ್ಕೆ ಹೋಗ್ತಾಳೆ, ಮಗು ಶಾಲೆಗೆ ಸೇರೋವರೆಗೂ ಅಲ್ಲೇ ಇರ್ಲಾ ಅಂತ. ಎರಡು ಸಲ ಕೇಳ್ದೆ. ಎರಡು ಸಲಾನೂ ಹೂಂ ಅಂದ್ರಿ." ಆಕೆ ಒಂದು ಸ್ವೆಟರನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ನಿಜ ಹೇಳ್ಬೇಕಂದ್ರೆ, ಬೇಡ ಅಂತೀರೇನೋ ಅಂದ್ಕೊಂಡಿದ್ದೆ."

ಟೇಲರ್ ಕೊರಳಲ್ಲಿದ್ದ ಅಳತೆ ಟೇಪನ್ನು ತೆಗೆದು ಸುತ್ತತೊಡಗಿದ. ಬೇಡ ಎನ್ನಬೇಕಾದರೆ, ಬೆಳಿಗ್ಗೆ ನೀನು ಕೇಳಿದ್ದು ನನ್ನ ಕಿವಿಗೇ ಬಿದ್ದಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಈಗಷ್ಟೇ ಹಾಗೆ ನೋಡಿದ ಆ ಕಣ್ಣುಗಳ ಎದುರು ಅದನ್ನು ಹೇಳುವುದು ಹೇಗೆ? ಗುಡಿಸಿಟ್ಟ ತಲೆಯೊಳಗೆ ಅದೊಂದೇ ಚಿಂತೆ ಕಾಲು ಚಾಚಿಕೊಂಡು ಕೂತಿತು. ಇದನ್ನು ನೋಡ್ಕೊಳ್ಳಿ ಎಂದು ಒಪ್ಪಿಸಲು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

"ಈ ಚೀಲದ ಜಿಪ್ಪು ಬಿಟ್ಟುಹೋಗಿದೆ, ಸ್ವಲ್ಪ ನೋಡಿ" ಎಂದಳು ಆಕೆ.

ಕೈಗೆ ಒಂದು ಕೆಲಸ ಸಿಕ್ಕಿದ್ದಕ್ಕೆ ಅವನಿಗೆ ಜೀವ ಬಂದಂತಾಯಿತು. ಜಿಪ್ಪಿನ ಅಂಚು ಬಟ್ಟೆಯಿಂದ ಕಿತ್ತುಬಂದಿತ್ತು. ಅದನ್ನು ಗುಂಡುಸೂಜಿಗಳಿಂದ ಹಿಡಿದ; ಉಳಿದವನ್ನು ತುಟಿಗೆ ಕಚ್ಚಿಕೊಂಡ. ಕಾಲರಿನಿಂದ ಆ ಕೊನೆಯ ಸೂಜಿಯನ್ನು ತೆಗೆದ. ಕೈಯಲ್ಲಿರುವ ಕೆಲಸ ಒಂದೇ, ಅತ್ತಿತ್ತ ನೋಡಬಾರದು. ಬೆಳಗಿನ ಬಸ್ಸನ್ನೂ ಬರಿದಾಗುವ ಮನೆಯನ್ನೂ ಪಕ್ಕಕ್ಕೆ ತಳ್ಳಿ, ಇರುವ ಪ್ರಾಣವನ್ನೆಲ್ಲ ಸೂಜಿಯ ತುದಿಗೆ ತಂದ. ಹೊಲಿಗೆ ಇರುವೆಯ ಸಾಲಿನಂತೆ ಬೀಳತೊಡಗಿತು.

ಬೀರುವಿನ ಕಡೆ ಮುಖ ಮಾಡಿಕೊಂಡೇ ಆಕೆ ಮಾತಾಡಿದಳು. "ಒಂದು ವಿಷಯ ಹೇಳ್ಲಾ? ಅಳಿಯನ ಅಕ್ಕ ಬಂದು ಮಗೂನ ನೋಡ್ಕೋತೀನಿ ಅಂತಿದಾರೆ. ಅವರು ಬಂದ್ರೆ ನಾನು ಇಲ್ಲೇ ಉಳ್ಕೋಬಹುದು. ನಂಗೂ ಈ ಮನೆ ಬಿಟ್ಟು ಇದ್ದದ್ದು ಸಾಕಾಗಿದೆ ರೀ. ಇವತ್ತು ನೀವು ಹೀಗೆ ಕೂತು ಕೇಳಿದ್ರಲ್ಲ, ಹೋಗೋಕೆ ಮನಸ್ಸೇ ಇಲ್ಲ. ನಿಮ್ಮ ಬಾಯಿಂದ ಒಂದು ಮಾತು ಬಂದ್ರೆ ಸಾಕು. ಹೇಳಿ, ನಾನು ಹೋಗ್ಲೇಬೇಕಾ?"

"ಹೂಂ" ಎಂದ ಟೇಲರ್.

ಆಕೆ ತಿರುಗಿ ನೋಡಲಿಲ್ಲ. ಉಳಿದ ಸ್ವೆಟರುಗಳನ್ನು ಒಂದೊಂದಾಗಿ ತೆಗೆದು ಮಂಚದ ಮೇಲಿಟ್ಟಳು.

ಕೊನೆಯ ಗಂಟು ಹಾಕುವ ಹೊತ್ತಿಗೆ ಆ ದಾರವೂ ಸರಿಯಾಗಿ ಮುಗಿಯಿತು. ಟೇಲರ್ ಜಿಪ್ಪಿಗೆ ಮೇಣದಬತ್ತಿಯ ತುಂಡು ಉಜ್ಜಿ ಆಚೆಗೊಮ್ಮೆ ಈಚೆಗೊಮ್ಮೆ ಎಳೆದು ನೋಡಿದ. ಗುಂಡುಸೂಜಿಗಳನ್ನು ಬಾಯಿಂದ ತೆಗೆದು ಹೆಮ್ಮೆಯಿಂದ ಚೀಲವನ್ನು ಆಕೆಯ ಕಡೆ ಚಾಚಿದ.

"ಇನ್ನು ಎಷ್ಟು ತುಂಬಿದ್ರೂ ಬಿಟ್ಕೊಳ್ಳಲ್ಲ" ಎಂದ. ಆಮೇಲೆ ಆಕೆಯ ಮುಖ ನೋಡಿ, "ಏನೋ ಕೇಳಿದ ಹಾಗಿತ್ತಲ್ಲ?" ಎಂದ.

"ಕೇಳಿದ್ದೆ. ಹೇಳಿದ್ರಲ್ಲ" ಎಂದಳು ಆಕೆ. ಸ್ವೆಟರುಗಳನ್ನೆಲ್ಲ ಚೀಲಕ್ಕೆ ತುಂಬಿ ಜಿಪ್ಪು ಎಳೆದಳು. ಅದು ಎಲ್ಲೂ ತಡೆಯದೆ, ಒಂದೇ ಸಲಕ್ಕೆ ಮುಚ್ಚಿಕೊಂಡಿತು.