ಮೈಲಪ್ಪನ ಗೇರ್ ಸೈಕಲ್ಲು

ಮಾಗಳದ ಮೈಲಪ್ಪನ ಗೇರ್ ಸೈಕಲ್ಲಿನ ಬ್ರೇಕ್ ಹಿಡಿ ಆ ದಿನ ಬೆಳಗ್ಗೆ ಕಿತ್ತು ಅವನ ಕೈಗೇ ಬಂತು. ಅದೂ ಎಲ್ಲಿ? ಗಾದೆಮ್ಮನ ಮನೆ ಮುಂದಿನ ಇಳಿಜಾರಿನಲ್ಲಿ. ಹಿಂದಿನ ಬ್ರೇಕು ಎಂದೋ ಸತ್ತಿದ್ದರಿಂದ ಮೈಲಪ್ಪ ಎಂದಿನಂತೆ ಎರಡೂ ಚಪ್ಪಲಿ ನೆಲಕ್ಕೆ ಒತ್ತಿದ. ಚಪ್ಪಲಿಗಳು ಹಿಂದೆ ಉಳಿದವು. ಅವನು ಮಾತ್ರ ಹಡಗಲಿ ಪೇಟೆಗೆ ಮುಟ್ಟಿಸಬೇಕಿದ್ದ ಮಲ್ಲಿಗೆ ಬುಟ್ಟಿಯ ಸಮೇತ ಗಾದೆಮ್ಮನ ಸಗಣಿ ಕುಳ್ಳಿನ ರಾಶಿಗೆ ನುಗ್ಗಿದ.

"ಏ ಮೈಲಪ್ಪ, ನನ್ನ ಕುಳ್ಳಿಗೆ ಹೂವು ಏರ್ಸಾಕ ಬಂದೀಯೇನು?" ಎಂದು ಗಾದೆಮ್ಮ ಊರಿಗೆಲ್ಲ ಕೇಳುವಂತೆ ಕೂಗಿದಳು.

ತೊಂಬತ್ತೆರಡರಲ್ಲಿ ಆ ಸೈಕಲ್ ಬಂದಾಗ ಗುಡ್ಡ ಹತ್ತುವ ಸೈಕಲ್ ಎಂದು ಜನ ಮುಟ್ಟಿ ಮುಟ್ಟಿ ನೋಡಿದ್ದರು. ಹನ್ನೆರಡು ವರ್ಷದ ಮೇಲೆ ಅದಕ್ಕೆ ಓಣಿಯ ದಿಬ್ಬವೂ ಹತ್ತಲಾಗುತ್ತಿರಲಿಲ್ಲ. ಹಿಂದಿನ ಗಾಲಿ ಸೊಟ್ಟಗಾಗಿ ಸುತ್ತಿಗೊಮ್ಮೆ ಕಬ್ಬಿಣಕ್ಕೆ ಉಜ್ಜುತ್ತಿತ್ತು. ಫ್ರೀವೀಲಿನ ಹಲ್ಲು ಸವೆದು, ಮೂರು ಸಲ ಪೆಡಲ್ ತುಳಿದರೆ ಗಾಲಿಗೆ ಒಂದು ಸಲ ಸುದ್ದಿ ಮುಟ್ಟುತ್ತಿತ್ತು.

ರಿಟೈರಾದ ಬಸ್ ಡ್ರೈವರ್ ಯರ್ರೆಪ್ಪ ಓಡಿ ಬಂದವನು ಮೈಲಪ್ಪನನ್ನು ಬಿಟ್ಟು ಮೊದಲು ಸೈಕಲ್ಲನ್ನು ಎಬ್ಬಿಸಿದ. "ಹ್ಯಾಂಡಲ್ ಕೊಳವಿ ಸೀಳೈತಿ ನೋಡಲೇ. ಇವತ್ತೋ ನಾಳಿಯೋ ಇದು ಹಡಗಲಿ ಕಡಿ, ನೀನು ಹೊಳಿ ಕಡಿ!"

ಅಷ್ಟರಲ್ಲಿ ಮೈಲಪ್ಪನ ಹೆಂಡತಿ ಪುಷ್ಪಲತಾ ಬಂದಳು. "ಇದನ್ನ ಇವತ್ತ ಗುಜರಿಗೆ ಹಾಕ್ರಿ. ಇಲ್ಲಂದ್ರ ನಾನ ಹೊಳ್ಯಾಗ ದೂಡ್ತೀನಿ."

"ಒಂದಿನ ತಡಿ. ಸಂಜಿಗೆ ಹಡಗಲ್ಯಾಗ ರಾಜ್ಯೋತ್ಸವದ ಸೈಕಲ್ ರೇಸ್ ಐತಿ. ಗೆದ್ದವ್ರಿಗೆ ಹೊಸ ಸೈಕಲ್ಲು. ಗೆದ್ದು ಬಂದು ನಾನ ಗುಜರಿಗೆ ಹಾಕ್ತೀನಿ."

"ಇದರ ಮ್ಯಾಲೆ ರೇಸಾ?" ಎಂದು ಪುಷ್ಪಲತಾ ಹಣೆ ಹಣೆ ಬಡಿದುಕೊಂಡು ಹೋದಳು.

ಮೈಲಪ್ಪನ ಲೆಕ್ಕ ಬೇರೆಯಿತ್ತು. ಅದು ನಿಧಾನ ಸೈಕಲ್ ಸ್ಪರ್ಧೆ. ಕಾಲು ನೆಲಕ್ಕೆ ಊರಿದವನು ಔಟ್, ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವನು ಗೆದ್ದ. ಅಂಥ ಸ್ಪರ್ಧೆಗೆ ತನ್ನ ಸೈಕಲ್ಲಿನಷ್ಟು ಯೋಗ್ಯವಾದದ್ದು ಇಡೀ ತಾಲೂಕಿನಲ್ಲೇ ಇಲ್ಲವೆಂದು ಅವನಿಗೆ ಧೈರ್ಯ. ಸೋತರೆ ಮಾತ್ರ ನಾಳೆಯಿಂದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಹಡಗಲಿಗೆ ನಡೆಯಬೇಕು.

ಸೈಕಲ್ಲನ್ನು ಮಗುವಿನಂತೆ ಹಿಡಿದು ತಳ್ಳುತ್ತಾ ಹೊರಟ. ಯರ್ರೆಪ್ಪ ಕರೆಯದೇ ಬೆನ್ನು ಹತ್ತಿದ. "ನೀನು ಬಿದ್ರ ನೋಡಾಕ ಊರವ್ರು ಒಬ್ರು ಬೇಕಲ್ಲ?" ಎಂದ. ದಾರಿಯಲ್ಲಿ ಒಬ್ಬ ನಿಲ್ಲಿಸಿ ಹ್ಯಾಂಡಲ್ಲಿಗೆ ತಂತಿ ಬಿಗಿದ. ಇನ್ನೊಬ್ಬ ಸೀಟು ಅಲ್ಲಾಡಿಸಿ ನೋಡಿ, ಅಲ್ಲಾಡದಿದ್ದ ಸೀಟನ್ನೂ ಅಲ್ಲಾಡುವಂತೆ ಮಾಡಿದ.

ಹಡಗಲಿ ಮೈದಾನದಲ್ಲಿ ಮೊದಲ ಸುತ್ತಿನ ಸೀಟಿ ಊದಿದ್ದೇ ತಡ, ಹೊಸ ಸೈಕಲ್ಲಿನವರೆಲ್ಲ ತೂರಾಡಿ ಕಾಲು ಊರಿದರು. ಮೈಲಪ್ಪ ಬೆವರು ಸುರಿಸಿ ತುಳಿದರೂ ಸೈಕಲ್ಲು ಹಟ ಹಿಡಿದ ಎತ್ತಿನಂತೆ ನಿಂತಲ್ಲೇ ನಿಂತಿತು. ಜನ ಸಿಳ್ಳೆ ಹೊಡೆದರು. ಅವನು ಸಲೀಸಾಗಿ ಫೈನಲ್‌ಗೆ ಹೋದ.

ಫೈನಲ್ಲಿಗೆ ಮೊದಲು ಭಾಷಣಗಳಿದ್ದವು. ಅವು ಮುಗಿಯುವ ಲಕ್ಷಣ ಕಾಣದೆ, ಸೈಕಲ್ಲನ್ನು ಬೇವಿನ ಮರಕ್ಕೆ ಆನಿಸಿ ಇಬ್ಬರೂ ಮಂಡಕ್ಕಿ ಮಿರ್ಚಿ ತಿನ್ನಲು ಹೋದರು. ಮೈಲಪ್ಪ ವೇದಿಕೆಯ ಕಡೆಗೇ ನೋಡುತ್ತಾ ತಿಂದ. ಕಣ್ಣೆಲ್ಲ ಹೊಸ ಸೈಕಲ್ಲೇ.

ಹೆಸರು ಕೂಗಿದಾಗ ಓಡಿ ಬಂದು ನೋಡಿದರೆ ಹ್ಯಾಂಡಲ್ಲಿಗೆ ಕುಂಕುಮ, ಒಂದು ಮೊಳ ಮಲ್ಲಿಗೆ. ಹೆಂಗಸರ ಗುಂಪಿನಲ್ಲಿ ಪುಷ್ಪಲತಾ ಕೈ ಎತ್ತಿದಳು. ಬೆಳಗ್ಗೆ ಬೈದವಳು ಈಗ ಪೂಜೆ ಮಾಡಿದ್ದಾಳೆ! ಮೈಲಪ್ಪನ ಎದೆ ತುಂಬಿ ಬಂತು.

ಸೀಟಿ ಕೇಳಿತು. ಮೈಲಪ್ಪ ಎಂದಿನಂತೆ ಜೀವ ಬಿಟ್ಟು ತುಳಿದ. ಸೈಕಲ್ಲು ಹಗ್ಗ ಬಿಚ್ಚಿದ ಕರುವಿನಂತೆ ಚಂಗನೆ ಹಾರಿತು. ಏನಾಯಿತೆಂದು ತಿಳಿಯುವಷ್ಟರಲ್ಲಿ ಮುಕ್ಕಾಲು ಮೈದಾನ ಹಿಂದಾಗಿತ್ತು. ಗಾಬರಿಯಲ್ಲಿ ಕೈ ಬ್ರೇಕಿನ ಜಾಗಕ್ಕೆ ಹೋಯಿತು. ಅಲ್ಲಿ ಬ್ರೇಕ್ ಇತ್ತು! ಅದು ಗಪ್ಪನೆ ಕಚ್ಚಿ, ಹಿಂದಿನ ಗಾಲಿ ಮೇಲೆದ್ದು, ಮೈಲಪ್ಪ ಸೈಕಲ್ಲಿಗಿಂತ ಮೊದಲೇ ಹೊಟ್ಟೆಯ ಮೇಲೆ ಜಾರುತ್ತಾ ಗೆರೆ ದಾಟಿದ. ಮುಂದಿನ ಗಾಲಿ ಚಕ್ಕುಲಿಯಾಗಿತ್ತು.

ಪುಷ್ಪಲತಾ ಕೂಗುತ್ತಾ ಓಡಿ ಬಂದಳು. "ಫಸ್ಟ್ ಬಂದ್ರಿ! ನಾನು ಬಸ್ ಇಳಿದು ಬರೂದ್ರಾಗ ನೀವು ಮಿರ್ಚಿಗೆ ಹೋಗಿದ್ರಿ. ಆವಾಗ ಹಾಲೇಶಪ್ಪನ ಸೈಕಲ್ ಅಂಗಡಿಗೆ ಒಯ್ದು ಫ್ರೀವೀಲು, ಚೈನು, ಬ್ರೇಕು ಎಲ್ಲಾ ಹೊಸಾವು ಹಾಕ್ಸಿದೆ. ಗಾಲಿ ಸೊಟ್ಟಾನೂ ತಗಿಸಿದೆ. ಅವನ ಮಗಳ ಮದುವಿ ಹೂವೆಲ್ಲಾ ನಮ್ದ ಅಂತ ಮಾತು ಕೊಟ್ಟೀನಿ."

ಮೈಲಪ್ಪ ಬಾಯಿ ತೆರೆದ. ಮದುವೆಯಾದಾಗಿನಿಂದ ಅವಳ ಮುಖದಲ್ಲಿ ಇಂಥ ಹೆಮ್ಮೆ ಅವನು ಕಂಡಿರಲಿಲ್ಲ. ತೆರೆದ ಬಾಯಿ ಮುಚ್ಚಿದ.

ವೇದಿಕೆಯ ಮೇಲೆ ಹರಪನಹಳ್ಳಿಯ ಗುರುಬಸವರಾಜನಿಗೆ ಹಾರ ಹಾಕಿ ಹೊಸ ಸೈಕಲ್ ಕೊಡುತ್ತಿದ್ದರು.

"ಅಲ್ರೀ, ಅವ ಎಲ್ಲಾರಿಗಿಂತ ಹಿಂದ ಬಂದನಲ್ಲ. ಅವಗ್ಯಾಕ ಕೊಡಾಕತ್ತಾರ?"

"ಪಾಪ, ಸೋತಾನಲ್ಲ. ಸಮಾಧಾನಕ್ಕ ಕೊಡ್ತಾರ," ಎಂದ ಮೈಲಪ್ಪ ಮೊಣಕಾಲು ಒರೆಸಿಕೊಳ್ಳುತ್ತಾ.

ಪುಷ್ಪಲತಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಸೋತವಗ ಸೈಕಲ್ಲು, ಗೆದ್ದವ್ರಿಗೆ ಮಣ್ಣು? ಇದ್ಯಾವ ನ್ಯಾಯ? ತಡೀರಿ, ಮೈಕ್‌ನಾಗ ಕೇಳ್ತೀನಿ."

ಮೈಲಪ್ಪ ಅವಳನ್ನು ಹಿಡಿಯಲು ಏಳಹೋದ. ಮೊಣಕಾಲು ಕೇಳಲಿಲ್ಲ. ಯರ್ರೆಪ್ಪ ಆಗಲೇ ಮುಂದೆ ಓಡಿ, ಜನರನ್ನು ಸರಿಸಿ ವೇದಿಕೆಯವರೆಗೆ ಅವಳಿಗೆ ದಾರಿ ಮಾಡಿಕೊಡುತ್ತಿದ್ದ.