ಅಳಿಯನ ಕಾರಿನ ಎಣ್ಣೆಮುಳ್ಳು

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ನಾನು ಸುಗ್ಗಿಯಲ್ಲೂ ಬಾಯಿಲ್ಲದವಳು. ಚಂದ್ರಗುತ್ತಿಯ ಶಾಲೆಯಲ್ಲಿ ಮೇಷ್ಟರು ನನ್ನ ಹೆಸರು ಕೂಗಿದರೆ ‘ಹಾಜರ್’ ಎಂದು ಪಕ್ಕದ ಹುಡುಗಿಯಿಂದ ಹೇಳಿಸುತ್ತಿದ್ದೆ. ಇನ್ನು ಅಳಿಯನ ಎದುರು ಮಾತೆಲ್ಲಿಂದ ಬರಬೇಕು? ನಮ್ಮಲ್ಲಿ ಅತ್ತೆಯಾದವಳು ಅಳಿಯನೊಂದಿಗೆ ನೇರವಾಗಿ ಮಾತಾಡುವ ಪದ್ಧತಿಯೂ ಇರಲಿಲ್ಲ. ಬಾಗಿಲ ಹಿಂದೆ ನಿಂತು, ‘ಇನ್ನೊಂದು ರೊಟ್ಟಿ ಬೇಕಾ ಕೇಳೇ’ ಎಂದು ಮಗಳಿಗೆ ಹೇಳಬೇಕು, ಅವಳು ಕೇಳಬೇಕು. ಅಷ್ಟರಲ್ಲಿ ಅವರು ಮಜ್ಜಿಗೆಗೆ ಬಂದಿರುತ್ತಿದ್ದರು. ಮಕ್ಕಳೇ, ಆ ಅಳಿಯ ಅಂದರೆ ನಿಮ್ಮಪ್ಪನೇ.

ನಿಮ್ಮಜ್ಜ ತೀರಿಕೊಂಡ ಮೇಲೆ ಅವರ ಹಳೆಯ ಕಾರನ್ನು ನಿಮ್ಮಪ್ಪನಿಗೆ ಕೊಟ್ಟು, ನಾನೂ ಸೊರಬದಿಂದ ಶಿಕಾರಿಪುರಕ್ಕೆ ಬಂದೆ. ಸೊರಬದಲ್ಲಿ ಆ ಕಾರಿನ ಸದ್ದು ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಕೇಳಿಸಿದರೆ ಸಾಕು, ನಾನು ಒಲೆಗೆ ಹೆಂಚು ಇಡುತ್ತಿದ್ದೆ. ಅವರದು ಅಂತ ಉಳಿದದ್ದು ಆ ಸದ್ದೊಂದೇ. ಅಂಥ ಕಾರನ್ನು ನಿಮ್ಮಪ್ಪ ಮಣ್ಣುಹಾದಿಯ ರೇಸಿಗೆ ಇಳಿಸುತ್ತೇನೆ ಅಂದರು. ಬೇಡ ಅನ್ನಿಸೋಣವೆಂದರೆ ಮಗಳು ಬಚ್ಚಲಲ್ಲಿದ್ದಳು.

ಆದರೆ ಕಾರನ್ನು ಜೋರಾಗಿ ತಿರುಗಿಸಿದಾಗೆಲ್ಲ ಇಂಜಿನ್ನಿನ ಎಣ್ಣೆಯ ಒತ್ತಡ ಬೀಳುತ್ತಿತ್ತು. ಯಾಕೆಂದು ನಿಮ್ಮಪ್ಪ ಮಗಳಿಗೆ, ಅಂದರೆ ನನಗೆ ಕೇಳಿಸುವಂತೆ, ವಿವರಿಸಿದರು. ‘ತಿರುವಿನಾಗೆ ಬಸ್ಸಿನ ಜನ ಎಲ್ಲಾ ಒಂದೇ ಕಡೆ ವಾಲ್ತಾರಲ್ಲ, ಇಂಜಿನ್ ಕೆಳಗಿನ ಚೇಂಬರಿನಾಗೆ ಎಣ್ಣೆನೂ ಹಂಗೇ. ಎಣ್ಣೆ ಹೀರೋ ಪೈಪಿಗೆ ಬರೀ ಗಾಳಿ ಸಿಗ್ತದೆ. ಹಂಗೇ ಓಡಿಸಿದ್ರೆ ಇಂಜಿನ್ ಕಥೆ ಮುಗೀತು.’ ಕಥೆ ಮುಗಿಯುವ ಮಾತು ಕೇಳಿ ನಾನು ಹಿಂದಿನಿಂದ ಮಗಳ ಸೆರಗು ಜಗ್ಗಿದೆ. ಅದಕ್ಕೆ ಗ್ಯಾರೇಜಿನ ಬಾಷಾ ಸಾಬರು ಪೈಪಿನ ಬಾಯಿಯ ಸುತ್ತ ತಗಡಿನ ಗೋಡೆ ಬೆಸೆದರು. ಎಣ್ಣೆ ಒಳಗೆ ಬರಬೇಕು, ಹೊರಗೆ ಹೋಗಬಾರದು ಎಂದು ಗೋಡೆಗೆ ಪುಟ್ಟ ಬಾಗಿಲುಗಳನ್ನೂ ಇಟ್ಟರು.

ಅಂಬ್ಲಿಗೊಳ ಡ್ಯಾಮಿನ ನೀರು ಇಳಿದ ಗಟ್ಟಿ ಬಯಲಿನಲ್ಲಿ ಪರೀಕ್ಷೆ. ಓಡಿಸುವವರು ದಾರಿ ನೋಡಬೇಕು. ಒತ್ತಡ ತೋರಿಸುವ ಮುಳ್ಳು ನೋಡಲು ಪಕ್ಕದಲ್ಲಿ ಇನ್ನೊಬ್ಬರು ಬೇಕು. ಮಗಳು ಬಸುರಿ. ಬಾಷಾ ಸಾಬರು ಕಾರಿನ ಕೆಳಗೆ ದಿನವಿಡೀ ಮಲಗಬಲ್ಲರು, ಒಳಗೆ ಕೂತರೆ ವಾಂತಿ. ಉಳಿದವಳು ನಾನು.

‘ಮುಳ್ಳು ಬಿದ್ರೆ ಕೂಗವ್ವ, ಅಷ್ಟೇ ಕೆಲಸ’ ಎಂದು ಮಗಳು ಬಾಗಿಲು ಹಾಕಿದಳು. ನನಗೆ ಬಾರದ್ದು ಅದೊಂದೇ ಕೆಲಸ.

ಎಡಕ್ಕೆ ತಿರುಗಿದಾಗ ಮುಳ್ಳು ಅಲುಗಲಿಲ್ಲ. ಬಲಕ್ಕೆ ತಿರುಗಿದೊಡನೆ ಜಾರಿತು. ನಾಲಿಗೆ ಏಳದು, ನಡುವೆ ಮಗಳೂ ಇಲ್ಲ. ಸ್ಟೇರಿಂಗಿನ ಮುಂದೆ ಅಂಟಿಸಿದ್ದ ಪುಟ್ಟ ಗಣಪನಿಗೆ ಕೈಮುಗಿದೆ. ‘ಗಣಪ್ಪಾ, ಮುಳ್ಳು ಕೆಳಗೆ ಬರ್ತಾ ಇದೆ ಅಂತ ಅವರಿಗೆ ಒಂದು ಮಾತು ಹೇಳಪ್ಪಾ.’

ನಿಮ್ಮಪ್ಪನೂ ಮರ್ಯಾದಸ್ಥರೇ. ‘ಗಣಪ್ಪಾ, ಎಷ್ಟು ಕೆಳಗೆ ಅಂತ ಅತ್ತೇರನ್ನ ಕೇಳಪ್ಪಾ’ ಅಂದರು. ಗಣಪ ಕೇಳಿ, ನಾನು ಉತ್ತರ ಜೋಡಿಸುವಷ್ಟರಲ್ಲಿ ಕಾರು ಮತ್ತೆ ಬಲಕ್ಕೆ ಹೊರಳಿತು. ಮುಳ್ಳು ಸೊನ್ನೆಗೆ ಬಿದ್ದು ಮಲಗಿತು. ಇಂಜಿನ್ನಿನೊಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ ಟಕಟಕ ಸದ್ದು. ನಿಮ್ಮಜ್ಜನೇ ಉಸಿರುಕಟ್ಟಿ ಕೆಮ್ಮಿದ ಹಾಗಾಯಿತು.

‘ನಿಲ್ಸೋ ಕತ್ತೇ! ನಿಲ್ಸು!’

ಕಾರು ನಿಂತಿತು. ದಂಡೆಯಲ್ಲಿದ್ದ ಮಗಳು ತಿರುಗಿ ನೋಡಿದಳು. ಕೂಗಿದ್ದು ಯಾರೆಂದು ನಾನೂ ತಿರುಗಿ ನೋಡಿದೆ.

ಬಾಷಾ ಸಾಬರು ಕಾರಿನ ಕೆಳಗೆ ನುಸುಳಿ ಚೇಂಬರು ಬಿಚ್ಚಿದರು. ಎಡಗಡೆಯ ಬಾಗಿಲು ತಿರುವುಮುರುವಾಗಿ ಕೂತಿತ್ತು. ಎಣ್ಣೆಯನ್ನು ತಡೆಯುವ ಬದಲು ತಾನೇ ಹೊರಗೆ ದಾಟಿಸುತ್ತಿತ್ತು. ‘ಇಂಜಿನ್ ಉಳ್ಕಂತು. ತಪ್ಪು ನಂದೇ ಅಮ್ಮಾ, ನನಗೂ ಒಂದು ಬೈರಿ’ ಅಂದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಸಾಬರು ಆ ಬಾಗಿಲನ್ನು ತಿರುವಿ ಬೆಸೆದರು. ರೇಸಿನಲ್ಲಿ ನಿಮ್ಮಪ್ಪ ಗೆದ್ದದ್ದು ಏನೂ ಇಲ್ಲ. ಮುಳ್ಳು ಮಾತ್ರ ಒಂದು ತಿರುವಿನಲ್ಲೂ ಅಲುಗಲಿಲ್ಲವಂತೆ. ಸಂಜೆ ಬೀದಿಯ ಕೊನೆಯಲ್ಲಿ ಅದೇ ಹಳೆಯ ಸದ್ದು ಕೇಳಿಸಿತು. ಹೆಂಚು ಒಲೆಗಿಟ್ಟೆ. ಊಟಕ್ಕೆ ಕೂತಾಗ ಅಭ್ಯಾಸಬಲದಿಂದ ಬಾಗಿಲ ಹಿಂದೆ ಸರಿದು, ‘ಇನ್ನೊಂದು ರೊಟ್ಟಿ ಬೇಕಾ ಕೇಳೇ’ ಅಂದೆ.

‘ಅತ್ತೇರೇ, ನನ್ನನ್ನೇ ಕೇಳ್ರೀ’ ಅಂದರು ನಿಮ್ಮಪ್ಪ. ‘ಗಣಪ್ಪ ಕಾರಿನಾಗೇ ಇದಾನೆ.’

ಅಂದಿನಿಂದ ನೇರವಾಗಿಯೇ ಕೇಳುತ್ತಿದ್ದೇನೆ. ರೊಟ್ಟಿಯಷ್ಟೇ ಅಲ್ಲ, ಎಲ್ಲವನ್ನೂ. ನೀವು ಅಂಗಳದಲ್ಲಿ ಸೈಕಲ್ಲು ತಿರುಗಿಸುವಾಗ ನಾನು ಕೂಗಿದರೆ, ‘ಅಜ್ಜಿ ಬಾಯಿ ಜೋರು’ ಎಂದು ಅಪ್ಪನಿಗೆ ದೂರು ಕೊಡುತ್ತೀರಿ. ‘ಬಾಷಾ ಸಾಬ್ರನ್ನ ಕರೆಸ್ಲಾ ಅತ್ತೆ? ಬಾಗಿಲು ತಿರುವಿ ಹಾಕ್ತಾರೆ’ ಎಂದು ಅವರು ನಗುತ್ತಾರೆ. ಈ ವಯಸ್ಸಿನಲ್ಲಿ ಬೆಸುಗೆ ನಿಲ್ಲುವುದಿಲ್ಲ ಎಂದು ನಾನೇ ಅವರ ಮುಖ ನೋಡಿ ಹೇಳಿದ್ದೇನೆ.