ಓದದೆ ಒತ್ತಿದ ಮುದ್ರೆ

ನೆಜು ಅಜ್ಜಿ ತೀರಿಕೊಂಡ ಸುದ್ದಿ ಹಿರುಕಾವಾರ ಮನೆಗೆ ಬಂದದ್ದು ಮಂಗಳವಾರ, ಮನೆಯಿಂದ ಮನೆಗೆ ದಾಟುವ ಕೇರಿಯ ಸುತ್ತೋಲೆಯಲ್ಲಿ. ಹನ್ನೆರಡು ವರ್ಷ ಬೆಳಗಿನ ನಾಯಿ ನಡಿಗೆಯ ಗುಂಪನ್ನು ಮುನ್ನಡೆಸಿದ ಹಿರಿಯ ಜೀವ. ಹಿರುಕಾವಾರ ಕಣ್ಣು ಮಂಜಾಯಿತು. ಸುತ್ತೋಲೆ ಓದಿದವರು ತಮ್ಮ ಹೆಸರಿನ ಮುದ್ರೆ ಒತ್ತಿ ಮುಂದೆ ಕಳಿಸಬೇಕು. ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಮುದ್ರೆ ಒತ್ತಿದ ಕೈ ಅದು. ಮೊದಲ ಹಾಳೆಗೊಂದು, ಎರಡನೆಯ ಹಾಳೆಗೊಂದು ಒತ್ತಿ ಪಕ್ಕದ ಮನೆಗೆ ದಾಟಿಸಿತು.

ಅಂತ್ಯಕ್ರಿಯೆಯ ಮರುದಿನ ಬೆಳಿಗ್ಗೆ ಗುಂಪು ಮತ್ತೆ ಸೇರಿತು. ಹೊರಡುವಾಗಲೇ ಹೆಂಡತಿ ಸುಮಿಯೆ ಎಚ್ಚರಿಸಿದ್ದಳು: "ರೀ, ಆ ಅನಾಥ ನಾಯೀನ ನೋಡಿ ಕರಗಿಹೋಗ್ಬೇಡಿ. ಅದು ಈ ಹೊಸಿಲು ಒಳಗೆ ದಾಟಿದ್ರೆ, ನಾನು ಹೊರಗೆ ದಾಟಿ ತಂಗಿ ಮನೆಗೆ ಹೋಗ್ತೀನಿ."

ಅಜ್ಜಿಯ ನಾಯಿ ಗೋಮಾ ಎಮ್ಮೆಕರುವಿನಷ್ಟು ದಪ್ಪ. ಕೇರಿಯ ಮುಖ್ಯಸ್ಥೆ ಓಗಿನೊ ಅದರ ಹಗ್ಗವನ್ನು ನೇರವಾಗಿ ಹಿರುಕಾವಾರ ಕೈಗಿತ್ತು ತಲೆಬಾಗಿದಳು. ಅವರ ಇನ್ನೊಂದು ಕೈಯಲ್ಲಿ ಅವರದೇ ಪುಟಾಣಿ ನಾಯಿ ಮೊಮೊನ ಹಗ್ಗ.

"ಒಬ್ಬರಿಗೆ ಒಂದೇ ನಾಯಿ ಅಂತ ಅಜ್ಜಿ ನಿಯಮ ಅಲ್ವಾ?" ಎಂದರು ಹಿರುಕಾವಾ.

"ಹೌದಲ್ಲ, ಅದಕ್ಕೇ ನಾವ್ಯಾರೂ ಹಿಡ್ಕೊಳ್ಳೋ ಹಾಗಿಲ್ಲ," ಎಂದರು ಗುಂಪಿನ ಕುಬೊಕಿ, ತಮ್ಮ ನಾಯಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು.

ಗಿಡ್ಡ ಹಗ್ಗ, ನಾಯಿಗೂ ನಾಯಿಗೂ ಮೂರು ಹೆಜ್ಜೆ ಅಂತರ. ಅಜ್ಜಿ ಕಲಿಸಿದಂತೆ ಸಾಲು ಹೊರಟಿತು. ತಿರುವಿನ ಜಿಜೋ ದೇವರ ಕಲ್ಲಿನ ಮುಂದೆ ಗೋಮಾ ಕೂತುಬಿಟ್ಟ. ಎಳೆದರೆ ಏಳಲಿಲ್ಲ. ಬಿಸ್ಕತ್ತು ತೋರಿಸಿದರೆ ಮೊಮೊ ತಿಂದಿತು. ತಿಂದ ಖುಷಿಗೆ ಹಗ್ಗದ ಸಮೇತ ಯಜಮಾನರ ಕಾಲಿಗೆ ಮೂರು ಸುತ್ತು ಬಂತು. ಹಿರುಕಾವಾ ಹುಲ್ಲಿನ ಹೊರೆಯಂತೆ ಬಿಗಿದು ನಿಂತರು.

"ಅಲುಗಾಡ್ಬೇಡಿ, ಬೀಳ್ತೀರಿ!" ಎಂದು ಐದು ಜನ ಐದು ಕಡೆಯಿಂದ ಕೂಗಿದರು. ಬಿಡಿಸಲು ಒಬ್ಬರೂ ಬರಲಿಲ್ಲ. ಮೂರು ಹೆಜ್ಜೆ ಅಂತರ ಕಾಯಬೇಕಲ್ಲ.

ಆಗ ಅವರಿಗೆ ನೆನಪಾಯಿತು. ಅಜ್ಜಿ ದಿನವೂ ಇಲ್ಲಿ ನಿಂತು ಕೈಮುಗಿಯುತ್ತಿದ್ದಳು. ಹಿರುಕಾವಾ ಎರಡೂ ಹಗ್ಗ ಮಣಿಕಟ್ಟಿಗೆ ಸಿಕ್ಕಿಸಿಕೊಂಡು ಕೈಮುಗಿದರು. "ನಮು ಅಮಿದಾ ಬುತ್ಸು" ಎಂದು ಅಜ್ಜಿಯಂತೆಯೇ ಅಮಿದಾ ಬುದ್ಧನನ್ನು ನೆನೆದರು. ಗೋಮಾ ಎದ್ದು ಬಂದು ಅವರ ಮಂಡಿಗೆ ತಲೆಯಾನಿಸಿದ.

ನಡಿಗೆ ಮುಗಿದಾಗ ಅವರು ಕೇಳಿದರು, "ಇವನನ್ನ ಯಾರ ಮನೆಗೆ ಬಿಡ್ಲಿ?"

ಓಗಿನೊ ಸುತ್ತೋಲೆಯ ಎರಡನೆಯ ಹಾಳೆ ತೆರೆದಳು. "ಗೋಮಾನನ್ನು ಸಾಕಲು ಒಪ್ಪುವವರು ಮಾತ್ರ ಮುದ್ರೆ ಒತ್ತಿ." ಹಾಳೆಯಲ್ಲಿ ಇದ್ದದ್ದು ಒಂದೇ ಕೆಂಪು ಮುದ್ರೆ.

"ಅಯ್ಯೋ, ನಾನು ಓದದೇ ಒತ್ತಿದ್ದು!"

"ಅದು ಅಜ್ಜಿಗೂ ಗೊತ್ತಿತ್ತು, ಹಿರುಕಾವಾ ಅವರೇ."  ಅವಳು ಅಜ್ಜಿ ಆಸ್ಪತ್ರೆಯಿಂದ ಬರೆದ ಚೀಟಿ ಕೊಟ್ಟಳು: "ಹಿರುಕಾವಾ ಓದುವುದಿಲ್ಲ, ಒತ್ತುತ್ತಾನೆ. ಆದರೆ ಒತ್ತಿದ ಮೇಲೆ ಕೈಬಿಡುವವನಲ್ಲ. ಈ ಹಾಳೆ ಎರಡನೆಯದಾಗಿರಲಿ. ಒಬ್ಬರಿಗೆ ಒಂದೇ ನಾಯಿ. ಮೊಮೊನನ್ನು ಸುಮಿಯೆ ನಡೆಸಲಿ."

ಮನೆಯ ಬಾಗಿಲಲ್ಲಿ ಸುಮಿಯೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹಿರುಕಾವಾ ಚೀಟಿಯನ್ನು ಅವಳ ಮುಂದೆ ಹಿಡಿದರು. ಅವಳು ಓದಿದಳು, ಮತ್ತೊಮ್ಮೆ ಓದಿದಳು. ಅವಳ ಬಾಯಿಂದ ಮಾತು ಹೊರಡುವ ಮೊದಲೇ ಅವರು ಹಗ್ಗ ಸಿಕ್ಕಿಸಿಕೊಂಡ ಕೈಗಳನ್ನು ಜೋಡಿಸಿ ಕಣ್ಣು ಮುಚ್ಚಿದರು.

ಅಮಿದಾ ಬುದ್ಧನೇ, ನೆಜು ಅಜ್ಜಿಯನ್ನು ನಿನ್ನ ಲೋಕಕ್ಕೆ ಬರಮಾಡಿಕೋ. ಗೋಮಾನ ಚಿಂತೆ ಅವಳಿಗೆ ಬೇಡ, ಅದು ಇನ್ನು ನಮ್ಮದು. ಅವಳ ಆತ್ಮಕ್ಕೆ ಶಾಂತಿ ಸಿಗಲಿ.